ಟೆಂಟ್ ಇಲ್ದೆ ಕೆರೆ ಹತ್ರ ಒಂದು ರಾತ್ರಿ, ಬೆಳಗಾಗೋಷ್ಟ್ರಲ್ಲಿ ಬೆಟ್ಟದ ತುದಿ: ನನ್ನ ಅನುಭವ

ಕೊನೆಗೂ ಆಯ್ತು. ಶನಿವಾರ ಮಧ್ಯಾಹ್ನ ಹತ್ತೋಕೆ ಶುರು, ಸಂಜೆಗೆ ಕೆರೆ, ರಾತ್ರಿ ಅಲ್ಲೇ, ಭಾನುವಾರ ಸೂರ್ಯ ಹುಟ್ಟೋ ಹೊತ್ತಿಗೆ ತುದಿ, ಮಧ್ಯಾಹ್ನದೊಳಗೆ ಕೆಳಗೆ, ಸೋಮವಾರ ಬೆಳಗ್ಗೆ ನಾನು ನನ್ನ ಗೆಳೆಯ ಇಬ್ರೂ ಆಫೀಸಲ್ಲಿ ಹಾಜರ್. ಬ್ಯಾಗು ತಲಾ ಏಳು, ಏಳೂವರೆ ಕೆಜಿ ಇತ್ತೇನೋ, ಊಟ ನೀರು ಗ್ಯಾಸ್ ಎಲ್ಲಾ ಸೇರಿ. ಟೆಂಟ್ ಇಲ್ಲ. ಬೆಳಗ್ಗೆ ಸ್ಲೀಪಿಂಗ್ ಬ್ಯಾಗ್ ಮುಟ್ಟಿ ನೋಡಿದ್ರೆ ಒಣಗೇ ಇತ್ತು. "ಕೆರೆ ಹತ್ರ ಟೆಂಟ್ ಇಲ್ದೆ ಮಲಗ್ತೀರಾ, ಬೆಳಗ್ಗೆ ನಿಮ್ಮನ್ನೇ ಹಿಂಡಿ ಒಣಗ್ಹಾಕ್ಬೇಕಾಗತ್ತೆ" ಅಂತ ನಕ್ಕಿದ್ರಲ್ಲ ನಮ್ಮ ಚಾರಣದ ಗುಂಪಿನ ಹಳಬರು, ಅವರೂ ಇದನ್ನ ಓದ್ತಾರೆ ಅಂತ ಗೊತ್ತು, ಓದ್ಲಿ ಅಂತಾನೇ ಬರೀತಿದೀನಿ.

ಗಂಟು ಹಾಕೋದು, ಸ್ಟವ್ ಹಚ್ಚೋದು, ಮ್ಯಾಪ್ ನೋಡೋದು ಇವೆಲ್ಲ ನಿಮ್ಗೆ ಬರತ್ತೆ ಅಂದ್ಕೊಂಡು ಮುಂದೆ ಹೋಗ್ತೀನಿ. ಕ್ಯಾಂಪ್ ಹಾಕೋಕೆ ಅನುಮತಿ ಬೇಕಾದ ಕಡೆ ಮೊದ್ಲೇ ತಗೊಳ್ಳಿ, ಅದನ್ನೂ ಮತ್ತೆ ಹೇಳಲ್ಲ.

ನಮ್ಗೆ ಯಾವತ್ತೂ ಕಷ್ಟ ಆಗಿದ್ದು ಹತ್ತೋದ್ರಲ್ಲಿ ಅಲ್ಲ, ರಾತ್ರಿ ಕಳೆಯೋದ್ರಲ್ಲಿ. ಮೊದಮೊದ್ಲು ಎಲ್ಲರ ಥರಾನೇ ನಾವೂ ನೀರಿನ ಅಂಚಿಗೇ ಟೆಂಟ್ ಹಾಕ್ತಿದ್ವಿ, ಜಿಪ್ ಎಳೆದ್ರೆ ಎದುರಿಗೆ ನೀರು ಕಾಣ್ಬೇಕು, ಫೋಟೋ ಬರ್ಬೇಕು, ಅದೇ ಆಸೆ. ಫೋಟೋ ಏನೋ ಚೆನ್ನಾಗೇ ಬರ್ತಿತ್ತು. ಬೆಳಗಿನ ಜಾವ ಮೂರು ಗಂಟೆ ಹೊತ್ತಿಗೆ ಟೆಂಟ್ ಒಳಗಿನ ಬಟ್ಟೆಯಿಂದ ಹನಿ ಹನಿ ಮುಖದ ಮೇಲೆ ಬೀಳೋಕೆ ಶುರು, ಗಾಳಿ ಸ್ವಲ್ಪ ಅಲ್ಲಾಡಿಸಿದ್ರೆ ಒಳಗೇ ಸಣ್ಣ ಮಳೆ. ಇಬ್ಬರ ಉಸಿರು ಬೆವರು ಸೇರಿದ್ರೆ ಒಂದು ರಾತ್ರಿಗೆ ಹತ್ತಿರ ಹತ್ತಿರ ಅರ್ಧ ಲೀಟರ್ ನೀರು ಹೊರಗೆ ಬರತ್ತೆ, ಅದು ಹೋಗೋದೆಲ್ಲಿಗೆ, ತಣ್ಣಗಿರೋ ಬಟ್ಟೆ ಮೇಲೆ ಕೂರತ್ತೆ. ಅದ್ರ ಜೊತೆ ಕೆರೆಯಿಂದ ಏಳೋ ತೇವ ಬೇರೆ. ಗೆಳೆಯನದ್ದು ಪುಕ್ಕದ ಸ್ಲೀಪಿಂಗ್ ಬ್ಯಾಗ್, ದುಬಾರಿದು, ಪುಕ್ಕ ಒದ್ದೆ ಆದ್ರೆ ಮುದ್ದೆ ಕಟ್ಕೊಂಡು ಶಾಖ ಹಿಡಿಯೋದನ್ನೇ ನಿಲ್ಸತ್ತೆ, ಅವನು ಬೆಳಗಾಗೋವರ್ಗೂ ಕೂತೇ ಇರ್ತಿದ್ದ. ನಿದ್ದೆ ಇಲ್ದೆ ಯಾರು ಬೆಟ್ಟ ಹತ್ತುತ್ತಾರೆ, ಎಂಟೊಂಬತ್ತು ಗಂಟೆಗೆ ಬಿಸಿಲು ಬಂದ್ಮೇಲೆ ಎಲ್ಲಾ ಒಣಗಿಸಿ ಹೊರಡೋಷ್ಟ್ರಲ್ಲಿ ತುದೀಲಿ ಮೋಡ ಕಟ್ಟಿರೋದು, ವಾಪಸ್. ಹೀಗೇ ಎಷ್ಟೋ ವಾರಾಂತ್ಯ ಹೋಯ್ತು.

ಪರಿಹಾರ ಅಂತ ನಾವು ಮಾಡಿದ್ದು ದುಡ್ಡು ಸುರಿಯೋದು. ಮೊದ್ಲು ಇನ್ನೂ ಒಳ್ಳೆ ಟೆಂಟ್, ಎರಡು ಪದರದ್ದು, ಮೂರು ಕೆಜಿ ಮೇಲಿತ್ತು, ಆ ತಿಂಗಳ ಸಂಬಳದಲ್ಲಿ ದೊಡ್ಡ ತುತ್ತೇ ಹೋಯ್ತು. ತೊಟ್ಟಿಕ್ಕೋದು ಕಮ್ಮಿ ಆಯ್ತು, ನಿಲ್ಲಲಿಲ್ಲ, ಮೇಲಾಗಿ ಒದ್ದೆ ಟೆಂಟ್ ಮಡಚಿ ಹೊತ್ಕೊಂಡ್ರೆ ಇನ್ನೂ ಅರ್ಧ ಕೆಜಿ ಜಾಸ್ತಿ. ಆಮೇಲೆ ಗಾಳಿ ತುಂಬೋ ಮ್ಯಾಟ್, ಆಮೇಲೆ ಬಿಡಿ ಬಿಡಿ ಡ್ರೈ ಬ್ಯಾಗುಗಳು, ಅಂದ್ರೆ ಒಳಗೆ ನೀರು ಹೋಗದ ಚೀಲಗಳು. ಒಂದು ಕಡೆ ಬಾಡಿಗೆಗೆ ಸ್ಲೀಪಿಂಗ್ ಬ್ಯಾಗ್ ತಗೊಂಡ್ವಿ, "ಮೈನಸ್ ಐದಕ್ಕೂ ನಡೆಯತ್ತೆ ಸರ್" ಅಂದ ಬಾಡಿಗೆಗೆ ಕೊಟ್ಟವನು, ಲೇಬಲ್ ನೋಡಿದ್ರೆ ಮೈನಸ್ ಐದು ಅಂತ ಬರೆದಿದ್ದು ಲಿಮಿಟ್ ಜಾಗದಲ್ಲಿ, ಕಂಫರ್ಟ್ ಅಂತ ಇರೋದು ಅದಕ್ಕಿಂತ ಐದಾರು ಡಿಗ್ರಿ ಮೇಲೆ. ನೀವು ನೋಡಬೇಕಾದ್ದು ಕಂಫರ್ಟ್ ಸಂಖ್ಯೆ ಮಾತ್ರ, ಲಿಮಿಟ್ ಅನ್ನೋದು ಮುದುರಿಕೊಂಡು ಹೇಗೋ ರಾತ್ರಿ ತಳ್ಳೋರಿಗೆ. ಮೊದಲ ಟೆಂಟನ್ನ ಅರ್ಧ ಬೆಲೆಗೂ ಯಾರೂ ಕೇಳ್ಲಿಲ್ಲ, ಕೊನೆಗೆ ಮೂರರಲ್ಲಿ ಒಂದು ಪಾಲು ದುಡ್ಡಿಗೆ ಕೊಟ್ಟು ಕೈ ತೊಳ್ಕೊಂಡೆ.

ದಾರಿ ಸಿಕ್ಕಿದ್ದು ಸ್ಪಂಜಿಂದ. ನಗ್ಬೇಡಿ. ಪಾತ್ರೆ ಉಜ್ಜೋ ಸ್ಪಂಜನ್ನ ಒಂದೇ ಅಳತೆಗೆ ಕತ್ತರಿಸಿ, ಗ್ರಾಂ ಲೆಕ್ಕದಲ್ಲಿ ತೂಗೋ ಒಂದು ಪಾಕೆಟ್ ತಕ್ಕಡಿ ಜೊತೇಲಿಟ್ಕೊಂಡು ಹೋದೆ. ರಾತ್ರಿ ಮಲಗೋ ಮುಂಚೆ ಒಂದನ್ನ ನೀರಿನ ಅಂಚಿಂದ ಎರಡು ಹೆಜ್ಜೆ ದೂರ ಇಟ್ಟೆ, ಒಂದು ಬಯಲು ಹುಲ್ಲಲ್ಲಿ, ಒಂದು ಕೆರೆಯಿಂದ ಸುಮಾರು ಇಪ್ಪತ್ತೈದು ಮೂವತ್ತು ಮೀಟರ್ ಎತ್ತರದ ಇಳಿಜಾರಲ್ಲಿ ಒಂದು ಸಣ್ಣ ಮಟ್ಟಸ ಜಾಗ ಇತ್ತು ಅಲ್ಲಿ, ಇನ್ನೊಂದು ಅದೇ ಮಟ್ಟದಲ್ಲಿ ಮರದ ಕೆಳಗೆ. ಗೆಳೆಯ ಟಾರ್ಚ್ ಹಿಡ್ಕೊಂಡು ಹಿಂದೆ ಹಿಂದೆ ಬರ್ತಾ "ಮಗಾ, ಪಾತ್ರೆ ತೊಳಿಯೋದು ಯಾವಾಗ" ಅಂತ ಕೇಳ್ತಿದ್ದ. ಬೆಳಗ್ಗೆ ತೂಗಿದ್ರೆ ಅಂಚಿಂದು ಹತ್ತು ಹನ್ನೊಂದು ಗ್ರಾಂ ನೀರು ಕುಡಿದಿತ್ತು, ಹುಲ್ಲಿಂದು ಎಂಟರ ಹತ್ರ, ಮೇಲಿನ ಬಯಲಿಂದು ಮೂರೋ ನಾಲ್ಕೋ, ಮರದ ಕೆಳಗಿಂದು ಒಂದು ಗ್ರಾಂ ಕೂಡ ಸರಿಯಾಗಿ ಇರ್ಲಿಲ್ಲ. ಬರೆದಿಟ್ಟ ಚೀಟಿ ಕಳೆದೋಗಿದೆ, ಆದ್ರೆ ಅಂಕಿ ಹೆಚ್ಚೂ ಕಮ್ಮಿ ಇದೇ. ಬೇರೆ ಕೆರೆಗಳಲ್ಲೂ ಇದನ್ನೇ ಮಾಡಿದೀನಿ, ಒಟ್ಟು ನೀರು ಹೆಚ್ಚು ಕಮ್ಮಿ ಆಗತ್ತೆ, ಸಾಲು ಮಾತ್ರ ಬದಲಾಗಲ್ಲ, ಅಂಚು ಯಾವಾಗ್ಲೂ ಮೊದಲು, ಮರದ ಬುಡ ಯಾವಾಗ್ಲೂ ಕೊನೆ.

ಕಾರಣ ನಿಮ್ಗೇ ಗೊತ್ತಿರತ್ತೆ, ತಣ್ಣನೆ ಗಾಳಿ ಭಾರ, ರಾತ್ರಿ ಸುತ್ತಲ ಇಳಿಜಾರಿಂದೆಲ್ಲ ಜಾರಿ ಬಂದು ತಗ್ಗಲ್ಲಿ ನಿಲ್ಲತ್ತೆ, ಕೆರೆ ಇರೋದೂ ತಗ್ಗಲ್ಲೇ. ಮರದ ಕೆಳಗಾದ್ರೆ ಎಲೆ ಕೊಂಬೆ ಆಕಾಶಕ್ಕೆ ಅಡ್ಡ ಇರೋದ್ರಿಂದ ನೆಲದ ಶಾಖ ಅಷ್ಟು ಬೇಗ ಹಾರಿಹೋಗಲ್ಲ, ಇಬ್ಬನಿ ಕೂರಲ್ಲ. ನನ್ನ ಹತ್ರ ಇರೋ ಸಣ್ಣ ಥರ್ಮಾಮೀಟರಲ್ಲಿ ಅಂಚಿಗೂ ಮೇಲಿನ ಜಾಗಕ್ಕೂ ಬೆಳಗಿನ ಜಾವ ಮೂರ್ನಾಲ್ಕು ಡಿಗ್ರಿ ವ್ಯತ್ಯಾಸ ಬಂತು. ಮೂವತ್ತು ಮೀಟರ್ ಹತ್ತೋಕೆ ಐದು ನಿಮಿಷ. ಆ ಐದು ನಿಮಿಷಕ್ಕೆ ಬದಲು ನಾವು ಇಷ್ಟು ವರ್ಷ ಸಾಮಾನು ಕೊಂಡಿದ್ದು.

ಅದಾದ್ಮೇಲೆ ಟೆಂಟ್ ಯಾಕೆ ಬೇಕು ಅನ್ನೋ ಪ್ರಶ್ನೆ ತಾನಾಗೇ ಬಂತು. ಗಾಳಿ ಆಡಿದ್ರೆ ಉಸಿರಿನ ನೀರು ಕೂರಲ್ಲ, ಟಾರ್ಪ್ ಸಾಕು, ಅಂದ್ರೆ ಹಗ್ಗ ಗೂಟ ಹಾಕಿ ಮೇಲೆ ಕಟ್ಟೋ, ನೀರು ಇಳಿಯದ ಒಂದು ಬಟ್ಟೆ. ಗುಂಪಲ್ಲಿ ಇದನ್ನ ಹೇಳಿದ್ದೇ ತಡ ಎಲ್ಲರೂ ಮೈಮೇಲೆ ಬಿದ್ರು. ಮಳೆ ಬಂದ್ರೆ, ಗಾಳಿ ಬಂದ್ರೆ, ಹುಳ ಬಂದ್ರೆ, ಬರೋದೆಲ್ಲಾ ಬಂದ್ರೆ. 1955ರಲ್ಲಿ ಎಮ್ಮಾ ಗೇಟ್‌ವುಡ್ ಅಂತ ಒಬ್ರು ಅಜ್ಜಿ, 67 ವಯಸ್ಸು, ಅಮೆರಿಕದ ಅಪಲಾಚಿಯನ್ ಟ್ರೇಲ್ ಪೂರ್ತಿ, ಮೂರು ಸಾವಿರ ಕಿಲೋಮೀಟರ್‌ಗೂ ಜಾಸ್ತಿ, ಒಬ್ಬರೇ ನಡೆದ್ರು, ಕಾಲಿಗೆ ಕ್ಯಾನ್ವಾಸ್ ಶೂ, ಹೆಗಲಿಗೆ ತಾವೇ ಹೊಲಿದ ಚೀಲ, ಮಳೆಗೆ ಅಂತ ಬಾತ್‌ರೂಮಿನ ಪ್ಲಾಸ್ಟಿಕ್ ಕರ್ಟನ್, ಟೆಂಟ್ ಇಲ್ಲ. ಇದನ್ನ ಹೇಳಿದ್ದಕ್ಕೆ "ಅವ್ರು ಗಟ್ಟಿ ಜನ, ನೀವು ಆಫೀಸ್ ಜನ" ಅಂದ್ರು. ಸರಿ, ಅದೂ ನಿಜಾನೇ.

ಟಾರ್ಪ್ ಮೂರು ಮೀಟರ್ ಉದ್ದ, ಅಗಲ ಅದಕ್ಕಿಂತ ಸ್ವಲ್ಪ ಕಮ್ಮಿ. ಹಗ್ಗ ಗೂಟ ಸೇರಿ ಮುಕ್ಕಾಲು ಕೆಜಿ ಒಳಗೆ, ದುಡ್ಡು ಆ ಎರಡು ಪದರದ ಟೆಂಟಿನ ಎಂಟನೇ ಒಂದು ಭಾಗ. ಮೊದ್ಲು ತಂದಿದ್ದು ಸಿಲಿಕಾನ್ ಹಚ್ಚಿದ ನೈಲಾನ್, ಹಗುರ, ಚೆನ್ನಾಗಿದೆ, ಆದ್ರೆ ಒದ್ದೆ ಆದ್ರೆ ಹಿಗ್ಗತ್ತೆ, ಸಂಜೆ ತಮಟೆ ಥರ ಬಿಗಿಯಾಗಿದ್ದಿದ್ದು ಮಧ್ಯರಾತ್ರಿಗೆ ಮೂಗಿಗೆ ತಾಗ್ತಿರತ್ತೆ, ಎದ್ದು ಹಗ್ಗ ಎಳೀಬೇಕು. ಈಗಿರೋದು ಪಾಲಿಯೆಸ್ಟರ್, ಒಂಚೂರು ಭಾರ, ಹಿಗ್ಗಲ್ಲ. ಕಂಬ ಅಂತ ಬೇರೆ ಇಲ್ಲ, ಟ್ರೆಕ್ಕಿಂಗ್ ಪೋಲ್‌ಗಳೇ.

ಶುರುನಲ್ಲಿ ಟಾರ್ಪೂ ಕೈ ಕೊಡ್ತು, ಅದನ್ನ ಬಿಟ್ಟು ಬರೆದ್ರೆ ಸುಳ್ಳಾಗತ್ತೆ. ಕೆರೆ ಕಡೆಯಿಂದ ಸಂಜೆ ಗಾಳಿ ಬೀಸ್ತಿತ್ತು, ಅದಕ್ಕೆ ಸರಿಯಾಗಿ ಟಾರ್ಪಿನ ಬೆನ್ನನ್ನ ಕೆರೆ ಕಡೆಗೆ ನೆಲಕ್ಕೆ ಒತ್ತಿ, ಬಾಯನ್ನ ಬೆಟ್ಟದ ಕಡೆ ಇಟ್ವಿ. ರಾತ್ರಿ ಹತ್ತರ ಮೇಲೆ ಗಾಳಿ ಪೂರ್ತಿ ತಿರುಗ್ತು, ಮೇಲಿಂದ ಕೆಳಕ್ಕೆ ಬೀಸೋಕೆ ಶುರುವಾಗಿ ಟಾರ್ಪ್ ಒಳಗೆ ನುಗ್ಗಿ ಬಲೂನ್ ಮಾಡಿ ಎರಡು ಗೂಟ ಕಿತ್ಹಾಕ್ತು, ಜೊತೆಗೆ ತುಂತುರು ಮಳೆ. ಹಗಲು ಗಾಳಿ ಇಳಿಜಾರು ಹತ್ತತ್ತೆ, ರಾತ್ರಿ ಇಳಿಯತ್ತೆ, ಹವಾಮಾನ ಶಾಂತವಾಗಿರೋ ದಿನ ಬೆಟ್ಟದಲ್ಲಿ ಇದೇ ನಡೆಯೋದು. ಸಂಜೆ ಗಾಳಿ ನೋಡಿ ಟಾರ್ಪ್ ಕಟ್ಟಬಾರದು, ರಾತ್ರಿ ಗಾಳಿ ಲೆಕ್ಕ ಹಾಕಿ ಕಟ್ಬೇಕು. ಈಗ ಬೆನ್ನು ಬೆಟ್ಟಕ್ಕೆ, ಬಾಯಿ ಕೆರೆಗೆ. ಅಂದ್ರೆ ಎದ್ದಾಗ ನೀರು ಎದುರಿಗೇ ಕಾಣತ್ತೆ, ಫೋಟೋನೂ ಬಂತು, ಮೇಲಿಂದ ತೆಗೆದಿದ್ದು ಅಂಚಿಂದ ತೆಗೆದಿದ್ದಕ್ಕಿಂತ ಚೆನ್ನಾಗೇ ಬರತ್ತೆ. ಬೇರೆ ದೊಡ್ಡ ಗಾಳಿ ಬರೋ ಮುನ್ಸೂಚನೆ ಇದ್ರೆ ಈ ಲೆಕ್ಕ ನಡೆಯಲ್ಲ, ಅಂಥ ವಾರ ನಾವು ಹೋಗೋದೇ ಇಲ್ಲ.

ಕಟ್ಟೋ ರೀತಿ ಸಾದಾ, ಹಿಂಬದಿ ನೆಲಕ್ಕೆ, ಮುಂಬದಿ ಸೊಂಟದೆತ್ತರ, ಎರಡೂ ಪಕ್ಕ ಮುಕ್ಕಾಲು ಇಳಿಸಿ. ಹಿಂದಿನ ಎರಡು ಮೂಲೆಗಳಲ್ಲಿ ಬಟ್ಟೆನ ಒಂದು ಥರ ಮಡಚಿ ಕಲ್ಲು ಕೂರಿಸ್ತೀವಿ, ಅಲ್ಲಿಂದ ಮಳೆ ನೀರು ಒಳಗೆ ಬರೋದು ಅದ್ರಿಂದ್ಲೇ ನಿಂತಿದ್ದು, ಆದ್ರೆ ಅದನ್ನ ಬರೆದು ವಿವರಿಸೋಕಾಗಲ್ಲ, ಆಗೋ ಹಾಗಿದ್ರೂ ಬರೆಯಲ್ಲ. ಜೊತೆಗೆ ಬಂದ್ರೆ ತೋರಿಸ್ತೀನಿ. ಕಲಿಯೋಕೆ ನಮ್ಗೇ ಒಂದು ಮಳೆಗಾಲ ಹಿಡೀತು.

ಮರದ ಕೆಳಗೆ ಅಂದೆ, ಯಾವ ಮರ ಅಂತ ತಲೆ ಎತ್ತಿ ನೋಡಿ. ಒಣಗಿದ ಕೊಂಬೆ ಇದ್ರೆ ಅಲ್ಲಿ ಬೇಡ. ಗುಡುಗು ಮಿಂಚಿನ ಕಾಲದಲ್ಲಿ ಒಂಟಿ ಮರ ಖಂಡಿತ ಬೇಡ, ಅಂಥ ದಿನ ಬೆಟ್ಟಾನೇ ಬೇಡ. ಇನ್ನೊಂದು, ಕೆರೆಯ ಯಾವ ಕಡೆ ಅನ್ನೋದೂ ಮುಖ್ಯ. ಪಶ್ಚಿಮ ದಡದ ಮೇಲಿನ ಇಳಿಜಾರು ಪೂರ್ವಕ್ಕೆ ಮುಖ ಮಾಡಿರತ್ತೆ, ಬೆಳಗಿನ ಬಿಸಿಲು ಮೊದ್ಲು ಅಲ್ಲಿಗೇ ಬೀಳೋದು. ಎದುರಿಗೆ ಎತ್ತರದ ಬೆಟ್ಟ ಅಡ್ಡ ಇದ್ಯಾ ಅಂತ ಸಂಜೇನೇ ದಿಕ್ಸೂಚಿ ಹಿಡಿದು ನೋಡ್ಕೊಳ್ತೀವಿ. ಪೂರ್ವ ದಡದಲ್ಲಿ ಮಲಗಿದವ್ರು ಒಂಬತ್ತೂವರೆವರ್ಗೂ ನೆರಳಲ್ಲಿ ನಡುಗ್ತಾ ಕೂತಿದ್ದನ್ನ ನಾವು ಈ ಕಡೆಯಿಂದ ಬಿಸಿಲು ಕಾಯಿಸ್ಕೊಳ್ತಾ ನೋಡಿದೀವಿ.

ಮ್ಯಾಟ್ ವಿಷಯಕ್ಕೆ ಬಂದ್ರೆ ಗಾಳಿ ತುಂಬೋದು ಕಲ್ಲಿನ ಮೊನೆ ತಾಗಿ ರಾತ್ರೀನೇ ತೂತಾಯ್ತು, ಅದಕ್ಕೆ ಹಾಕಿದ ದುಡ್ಡು ನೆನಪಿಸ್ಕೊಂಡ್ರೆ ಈಗ್ಲೂ ಸಂಕಟ. ಈಗ ಇಬ್ರೂ ಮಡಚೋ ಫೋಮ್ ಮ್ಯಾಟ್, ನಾನೂರು ಗ್ರಾಂ. ಇದರ ಆರ್-ವ್ಯಾಲ್ಯೂ, ಅಂದ್ರೆ ನೆಲದ ಚಳಿ ಎಷ್ಟು ತಡೆಯತ್ತೆ ಅನ್ನೋ ಅಳತೆ, ಎರಡರ ಹತ್ರ ಅಷ್ಟೆ, ಸೊನ್ನೆ ಡಿಗ್ರಿ ನೆಲಕ್ಕೆ ಸಾಲಲ್ಲ ಅಂತಾರೆ, ನಿಜಾನೇ, ಆದ್ರೆ ಆರ್-ವ್ಯಾಲ್ಯೂ ಒಂದರ ಮೇಲೊಂದು ಹಾಕಿದ್ರೆ ಕೂಡತ್ತೆ. ಬ್ಯಾಗಿನ ಬೆನ್ನಿನ ಫೋಮ್ ಶೀಟ್ ಬಿಚ್ಚಿ ಸೊಂಟದ ಕೆಳಗೆ, ಖಾಲಿ ಬ್ಯಾಗ್ ಕಾಲಿನ ಕೆಳಗೆ, ಅದರ ಕೆಳಗೆ ಉದುರಿದ ಒಣ ಎಲೆ. ಎಲೆ ಹಾಕೋ ಮುಂಚೆ ಕೋಲಲ್ಲಿ ಕೆದಕಿ ನೋಡಿ, ಒಳಗೆ ಯಾರಾದ್ರೂ ಮೊದ್ಲೇ ಮಲಗಿರ್ಬೋದು.

ಇನ್ನು ಗ್ಯಾಸ್. ಇದ್ರಲ್ಲಿ ಬಹಳ ಸಮಯ ಹಾಳಾಗಿದೆ. ಸ್ಟವ್‌ಗೆ ಹಾಕೋ ಸಣ್ಣ ಗ್ಯಾಸ್ ಡಬ್ಬಿ, ಅಂದ್ರೆ ಕ್ಯಾನಿಸ್ಟರ್, ಅಗ್ಗದ್ದಾದ್ರೆ ಅದ್ರಲ್ಲಿ ಹೆಚ್ಚಾಗಿ ಬ್ಯೂಟೇನ್ ಅನ್ನೋ ಗ್ಯಾಸ್ ಇರತ್ತೆ, ಅದು ಆವಿ ಆಗೋದೇ ಮೈನಸ್ ಅರ್ಧ ಡಿಗ್ರಿ ಮೇಲೆ. ಕೆರೆ ಹತ್ರ ಬೆಳಗಿನ ಜಾವ ಸೊನ್ನೆ ಆಸುಪಾಸು ಇದ್ರೆ ಸ್ಟವ್ ಉರಿ ಕಾಣೋಕೂ ಇರಲ್ಲ, ಕ್ಯಾನಿಸ್ಟರ್ ಅಲ್ಲಾಡಿಸಿದ್ರೆ ಒಳಗೆ ಗ್ಯಾಸ್ ಕುಲುಕುತ್ತೆ, ಬರಲ್ಲ ಅಷ್ಟೆ. ಐಸೋಬ್ಯೂಟೇನ್ ಆದ್ರೆ ಮೈನಸ್ ಹನ್ನೆರಡರ ಹತ್ರ, ಪ್ರೊಪೇನ್ ಮೈನಸ್ ನಲವತ್ತೆರಡು, ಅವೆರಡರ ಮಿಶ್ರಣ ಇರೋದು ತಗೊಂಡ್ರೆ ತಲೆನೋವಿಲ್ಲ, ಬೆಲೆ ಹತ್ತಿರ ಹತ್ತಿರ ಎರಡು ಪಟ್ಟು. ಜಿಪುಣತನಕ್ಕೆ ನಾನು ಇನ್ನೂ ಅಗ್ಗದ್ದನ್ನೇ ಬಳಸ್ತೀನಿ. ರಾತ್ರಿ ಕ್ಯಾನಿಸ್ಟರನ್ನ ಸ್ಲೀಪಿಂಗ್ ಬ್ಯಾಗ್ ಒಳಗೆ ಕಾಲ ಹತ್ರ ಇಟ್ಕೊಂಡು ಮಲಗೋದು ಒಂದು. ಇನ್ನೊಂದು, ಇದು ನಂಗೆ ತುಂಬಾ ಖುಷಿ ಕೊಟ್ಟಿದ್ದು, ಅಗಲವಾದ ಒಂದು ಡಬ್ಬಿ ಮುಚ್ಚಳಕ್ಕೆ ಕೆರೆ ನೀರು ಹಾಕಿ ಅದ್ರಲ್ಲಿ ಕ್ಯಾನಿಸ್ಟರ್ ನಿಲ್ಸೋದು. ಹೊರಗೆ ಗಾಳಿ ಸೊನ್ನೆಗೆ ಇಳಿದಿದ್ರೂ ಕೆರೆ ನೀರು ಆರೇಳು ಡಿಗ್ರಿ ಇರತ್ತೆ, ಬ್ಯೂಟೇನಿಗೆ ಅಷ್ಟೇ ಬೇಕಾಗಿದ್ದು. ಕೈಗೆ ಕೊರೆಯೋ ನೀರು ಗ್ಯಾಸಿಗೆ ಬಿಸಿನೀರು. ಇಟ್ಟ ಒಂದೆರಡು ನಿಮಿಷಕ್ಕೆ ಉರಿ ನೀಲಿಗೆ ತಿರುಗಿ ಸದ್ದು ಮಾಡೋಕೆ ಶುರು ಮಾಡ್ತು, ಗೆಳೆಯ ಬಾಯಿ ಬಿಟ್ಕೊಂಡು ನೋಡ್ತಿದ್ದ. ಬಿಸಿನೀರಲ್ಲಿ ಮಾತ್ರ ಯಾವ ಕಾರಣಕ್ಕೂ ಇಡಬೇಡಿ, ಒತ್ತಡ ಏರಿ ಸಿಡಿಯತ್ತೆ. ಟಾರ್ಪನ್ನ ಪೂರ್ತಿ ಇಳಿಸಿ ಅದರೊಳಗೆ ಸ್ಟವ್ ಹಚ್ಚೋದೂ ಬೇಡ, ಆಗ ಹುಟ್ಟೋ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷದ ಗಾಳಿಗೆ ವಾಸನೆ ಇರಲ್ಲ. ಸ್ಟವ್ ಬಗ್ಗೆ ಇನ್ನೊಂದು ಉಪಾಯ ಇದೆ, ಅರ್ಧ ಗ್ಯಾಸ್ ಉಳಿಯತ್ತೆ, ಅರ್ಧಂಬರ್ಧ ಕೇಳ್ಕೊಂಡು ಮಾಡಿದ್ರೆ ಅಪಾಯ, ಅದಕ್ಕೆ ಇಲ್ಲಿ ಬೇಡ.

ಎತ್ತರ ಹೆಚ್ಚಾದಷ್ಟೂ ನೀರು ಬೇಗ ಕುದಿಯತ್ತೆ ಆದ್ರೆ ಅಷ್ಟು ಬಿಸಿ ಇರಲ್ಲ, ಮುನ್ನೂರು ಮೀಟರಿಗೆ ಸುಮಾರು ಒಂದು ಡಿಗ್ರಿ ಕಮ್ಮಿ. ಬೇಯಿಸೋ ಊಟ ಹೊತ್ಕೊಂಡು ಹೋದ್ರೆ ಗ್ಯಾಸ್ ದಂಡ. ನಾವು ಬಿಸಿನೀರು ಹಾಕಿ ಮುಚ್ಚಿಟ್ರೆ ಆಗೋಂಥದ್ದನ್ನ ಮಾತ್ರ ಒಯ್ತೀವಿ, ಡಬ್ಬಿಗೆ ಹಳೇ ಫೋಮ್ ಶೀಟಿಂದ ಹೊಲಿದ ಒಂದು ಕವರ್, ಹತ್ತು ಹದಿನೈದು ನಿಮಿಷ ಬಿಟ್ರೆ ಊಟ. ಬೆಂಕಿ ಹಾಕಲ್ಲ. ಕೆರೆ ಹತ್ರ ಸೌದೆ ಎಲ್ಲಾ ತೇವ, ಹೊಗೆ ಕುಡಿದು ಕಣ್ಣು ಉರಿಸ್ಕೊಂಡಿದ್ದೇ ಬಂತು, ಮತ್ತೆ ಆ ಕಪ್ಪು ಕಲೆ ವರ್ಷಗಟ್ಲೆ ಅಲ್ಲೇ ಇರತ್ತೆ.

ಕುಡಿಯೋ ನೀರನ್ನ ಕೆರೆಯಿಂದ ತಗೊಳಲ್ಲ, ಕೆರೆಗೆ ಬಂದು ಸೇರೋ ತೊರೆ ಇರತ್ತಲ್ಲ ಅಲ್ಲಿಂದ. ಫಿಲ್ಟರ್ ಒಂದು ಸಲ ಒಳಗೆ ಹೆಪ್ಪುಗಟ್ಟಿದ್ರೆ ಅದರ ಸಣ್ಣ ಸಣ್ಣ ಕೊಳವೆಗಳು ಒಡೆದಿರತ್ತೆ, ಹೊರಗಿಂದ ಗೊತ್ತೇ ಆಗಲ್ಲ, ಹಾಗಾಗಿ ಅದೂ ರಾತ್ರಿ ಸ್ಲೀಪಿಂಗ್ ಬ್ಯಾಗ್ ಒಳಗೆ. ಕ್ಯಾನಿಸ್ಟರ್, ಫಿಲ್ಟರ್, ಫೋನ್, ಮಾರನೇ ದಿನದ ಸಾಕ್ಸ್, ಎಲ್ಲಾ ಒಳಗೇ, ನನಗೆ ಕಾಲು ಚಾಚೋಕೆ ಜಾಗ ಸಿಕ್ಕಿದ್ರೆ ಪುಣ್ಯ. ನೀರು ಹಸಿರು ಬಣ್ಣ ಹಚ್ಚಿದ ಹಾಗೆ ಪಾಚಿ ಕಟ್ಟಿದ್ರೆ ಅದನ್ನ ಮುಟ್ಟಲೇಬೇಡಿ, ಕೆಲವು ಪಾಚಿ ವಿಷ ಬಿಡತ್ತೆ, ಅದು ಫಿಲ್ಟರಲ್ಲೂ ಹೋಗಲ್ಲ ಕುದಿಸಿದ್ರೂ ಹೋಗಲ್ಲ. ಪಾಯಿಖಾನೆ ನೀರಿಂದ ಅರವತ್ತು ಎಪ್ಪತ್ತು ಮೀಟರ್ ದೂರ, ಗೇಣುದ್ದ ಗುಂಡಿ, ಮುಚ್ಚಿ. ಪೇಪರ್ ವಾಪಸ್ ತನ್ನಿ, ಯಾಕೆ ಅಂತ ಕೇಳ್ಬೇಡಿ, ಆ ಕೆರೆಗಳ ಸುತ್ತ ಒಂದು ರೌಂಡ್ ಹಾಕಿ ನೋಡಿ.

ಈಗ ಹತ್ತೋ ಲೆಕ್ಕ. ಕೆಳಗಿಂದ ಕೆರೆಗೆ ಎಂಟು ಕಿಲೋಮೀಟರ್, ಏರು ಏಳ್ನೂರು ಮೀಟರ್. ಕೆರೆಯಿಂದ ತುದಿಗೆ ಎರಡೂವರೆ ಕಿಲೋಮೀಟರ್, ಇನ್ನೂ ನಾನೂರು ಮೀಟರ್. ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ಹೇಳಿದ ಹಳೇ ಸೂತ್ರ ಇದೆಯಲ್ಲ, ಐದು ಕಿಲೋಮೀಟರಿಗೆ ಒಂದು ಗಂಟೆ, ಅದ್ರ ಮೇಲೆ ಪ್ರತಿ ಆರ್ನೂರು ಮೀಟರ್ ಏರಿಗೆ ಇನ್ನೊಂದು ಗಂಟೆ, ಅದ್ರ ಪ್ರಕಾರ ಕೆರೆಗೆ ಎರಡೂಮುಕ್ಕಾಲು ಗಂಟೆ ಸಾಕು. ದೊಡ್ಡ ಬ್ಯಾಗ್ ಕಾಲದಲ್ಲಿ, ತಲಾ ಹದಿನಾಲ್ಕು ಕೆಜಿ ಹೊರ್ತಿದ್ದಾಗ, ನಮ್ಗೆ ಐದು ಗಂಟೆ ಮೇಲೆ ಹಿಡೀತಿತ್ತು, ಕತ್ತಲಾದ್ಮೇಲೆ ಜಾಗ ಹುಡುಕೋದು, ಕತ್ತಲಲ್ಲಿ ಸಿಗೋ ಮಟ್ಟಸ ಜಾಗ ಅಂದ್ರೆ ನೀರಿನ ಅಂಚು, ಅಲ್ಲಿಗೆ ಒದ್ದೆ ರಾತ್ರಿ ಗ್ಯಾರಂಟಿ. ಇದೆಲ್ಲ ಒಂದಕ್ಕೊಂದು ಕೊಂಡಿ. ಈಗ ಮೂರೂವರೆ ಗಂಟೆ, ನಾಲ್ಕೂವರೆಗೆಲ್ಲ ಮೇಲಿರ್ತೀವಿ, ಬೆಳಕಿರೋವಾಗ ಆರಾಮಾಗಿ ಜಾಗ ನೋಡ್ತೀವಿ. ಬೂಟೂ ಬಿಟ್ವಿ, ಕಾಲಲ್ಲಿ ಒಂದು ಕೆಜಿ ಬೆನ್ನಲ್ಲಿ ಐದು ಕೆಜಿಗೆ ಸಮ ಅಂತ ಹಳಬರ ಮಾತು, ಲೆಕ್ಕ ಎಷ್ಟು ಸರೀನೋ ಏನೋ ಮಂಡಿಗೆ ಮಾತ್ರ ಗೊತ್ತಾಗತ್ತೆ. ಹಿಮ ಇರೋ ಕಡೆ, ಸಡಿಲ ಕಲ್ಲಿರೋ ಕಡೆ ಬೂಟೇ ಬೇಕು, ನಾನು ಹೇಳ್ತಿರೋದು ಕಾಲುದಾರಿ ಇರೋ ಬೆಟ್ಟಕ್ಕೆ.

ತುದಿ ಹತ್ತೋದು ಭಾನುವಾರ ಬೆಳಗ್ಗೆ ನಾಲ್ಕಕ್ಕೆ, ಒಂದು ಸಣ್ಣ ಚೀಲ, ನೀರು, ಜಾಕೆಟ್, ಹೆಡ್ ಟಾರ್ಚ್. ಉಳಿದ ಸಾಮಾನೆಲ್ಲ ಟಾರ್ಪ್ ಕೆಳಗೇ. ಮೊದ್ಲು ನಾವು ಎಲ್ಲಾ ಹೊತ್ಕೊಂಡು ತುದಿ ದಾಟಿ ಆ ಕಡೆ ಇಳಿಯೋ ಪ್ಲಾನ್ ಹಾಕ್ತಿದ್ವಿ, ಬಂದ ದಾರೀಲೇ ಯಾಕೆ ಹೋಗ್ಬೇಕು ಅಂತ ಒಂದು ಜಂಬ, ಮಂಡಿ ಅದಕ್ಕೆ ಒಪ್ಪಲಿಲ್ಲ. ವಾರಾಂತ್ಯ ಆರಿಸೋದ್ರಲ್ಲೂ ಒಂದು ಲೆಕ್ಕ ಇದೆ. ಹುಣ್ಣಿಮೆ ಆಗಿ ಮೂರ್ನಾಲ್ಕು ದಿನ ಆದ್ಮೇಲೆ ಬರೋ ಶನಿವಾರ ನೋಡಿ. ಚಂದ್ರ ದಿನಾ ಮುಕ್ಕಾಲು ಗಂಟೆ ಮೇಲೆ ತಡವಾಗಿ ಹುಟ್ತಾನಲ್ಲ, ಹಾಗಾಗಿ ಮಲಗೋ ಹೊತ್ತಿಗೆ ಕತ್ತಲು, ನಾಲ್ಕು ಗಂಟೆಗೆ ನೆತ್ತಿ ಹತ್ರ ಬೆಳ್ಳಗೆ ಬೆಳದಿಂಗಳು, ಟಾರ್ಚೇ ಬೇಡ. ಈ ಸಲ ಪೂರ್ತಿ ದಾರೀಲಿ ಟಾರ್ಚ್ ಹಚ್ಚಿದ್ದು ಒಂದು ಬಂಡೆ ಸಂದಿ ದಾಟೋವಾಗ ಮಾತ್ರ. ಕೆರೆ ತಗ್ಗಿಗೆ ಒಂದ್ಸಲ ಇಳಿದು ಆ ಕಡೆಯಿಂದ ಹತ್ತಬೇಕು, ಕೆಳಗೆ ಉಸಿರು ಹೊಗೆ ಹೊಗೆ, ಮೇಲೆ ಬರ್ತಾ ಬರ್ತಾ ಎಲ್ಲೋ ಒಂದು ಕಡೆ ಬೆಚ್ಚನೆ ಗಾಳಿ ಮುಖಕ್ಕೆ ತಾಗತ್ತೆ, ಗೆರೆ ಎಳೆದ ಹಾಗೆ. ಗೆಳೆಯ ಅಲ್ಲಿ ನಿಂತು ಒಂದು ಹೆಜ್ಜೆ ಹಿಂದೆ ಒಂದು ಹೆಜ್ಜೆ ಮುಂದೆ ಹಾಕಿ ನೋಡಿ "ಲೋ, ಇಲ್ಲೇ ಮಲಗ್ಬೇಕಿತ್ತು ಕಣೋ" ಅಂದ. ಅಲ್ಲಿ ಮೂವತ್ತು ಡಿಗ್ರಿ ಇಳಿಜಾರು.

ಐದೂಮುಕ್ಕಾಲಿಗೆ ತುದಿ. ಗಾಳಿ ಇತ್ತು, ಮೋಡ ಇರ್ಲಿಲ್ಲ, ಸೂರ್ಯ ಬಂದ, ಇಪ್ಪತ್ತು ನಿಮಿಷ ಕೂತಿದ್ದು ಇಳಿದ್ವಿ. ಎಂಟಕ್ಕೆ ಟಾರ್ಪ್ ಹತ್ರ ಬಂದಾಗ ಬಿಸಿಲು ಆಗ್ಲೇ ಅಲ್ಲಿಗೆ ಬಂದು ಟಾರ್ಪ್ ಮೇಲಿನ ಚೂರುಪಾರು ಇಬ್ಬನೀನೂ ಆರಿಸಿತ್ತು. ಒಂದು ಗಂಟೆ ನಿದ್ದೆ ಹೊಡೆದು, ತಿಂದು, ಒಣ ಸಾಮಾನು ಕಟ್ಟಿ ಹತ್ತಕ್ಕೆ ಹೊರಟ್ವಿ. ಕೆಳಗೆ ಬಂದು ತಿರುಗಿ ನೋಡಿದ್ರೆ ತುದಿ ಮೋಡದೊಳಗೆ. ಆಗ ತಾನೇ ಹತ್ತೋಕೆ ಹೊರಟಿದ್ದ ಒಂದು ಗುಂಪು ನಮ್ಮ ಬ್ಯಾಗ್ ನೋಡಿ "ಒಂದೇ ದಿನದ್ದಾ?" ಅಂತ ಕೇಳ್ತು. ಅಲ್ಲ, ರಾತ್ರಿ ಮೇಲಿದ್ವಿ ಅಂದ್ರೆ ನಂಬ್ಲಿಲ್ಲ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಡ ನಂಗೆ.

ದುಡ್ಡಿನ ಲೆಕ್ಕ ಎಲ್ರೂ ಕೇಳ್ತಾರೆ. ಈಗ ನಮ್ಮಿಬ್ಬರ ಪೂರ್ತಿ ಸಾಮಾನಿನ ಬೆಲೆ ಸೇರಿಸಿದ್ರೂ ಆ ಎರಡು ಪದರದ ಟೆಂಟ್ ಮತ್ತೆ ಗಾಳಿ ಮ್ಯಾಟಿನ ಬೆಲೆಗಿಂತ ಕಮ್ಮಿ, ಸ್ಲೀಪಿಂಗ್ ಬ್ಯಾಗ್ ಒಂದನ್ನ ಬಿಟ್ಟು. ಅದ್ರಲ್ಲಿ ಜಿಪುಣತನ ಮಾಡ್ಬೇಡಿ, ದುಡ್ಡಿದ್ರೆ ಮೊದ್ಲು ಅಲ್ಲಿ ಹಾಕಿ. ಪ್ರಯಾಣದ ಖರ್ಚೇ ಪ್ರತಿ ಸಲ ಒಟ್ಟು ಖರ್ಚಿನ ಮುಕ್ಕಾಲು ಪಾಲು, ಅದನ್ನ ಅರ್ಧ ಅರ್ಧ ಹಂಚ್ಕೊಳ್ತೀವಿ, ಗ್ಯಾಸ್ ನಂದು ಊಟ ಅವಂದು, ಸ್ಪಂಜು ತಕ್ಕಡಿ ಖರ್ಚು ನಾನೇ ನೋಡ್ಕೋಬೇಕಂತೆ.

ಹುಳದ ಬಗ್ಗೆ ಕೇಳಿದವರಿಗೆ: ತಣ್ಣನೆ ಕಾಲದಲ್ಲಿ, ನೀರಿಂದ ದೂರ, ಗಾಳಿ ಆಡೋ ಇಳಿಜಾರಲ್ಲಿ ಸೊಳ್ಳೆ ಕಾಟ ಅಷ್ಟಿರಲ್ಲ. ಬೆಚ್ಚಗಿನ ಕಾಲದಲ್ಲಿ ತಲೆಗೆ ಮಾತ್ರ ಬರೋ ಒಂದು ಸೊಳ್ಳೆ ಬಲೆ ಇದೆ, ಐವತ್ತು ಗ್ರಾಂ ಇರ್ಬೋದು, ಟಾರ್ಪಿನ ನಡು ಹಗ್ಗಕ್ಕೆ ನೇತುಹಾಕ್ತೀವಿ. ಜೋರು ಮಳೆಗಾಲದಲ್ಲಿ ಈ ಪದ್ಧತಿ ನಾನು ಯಾರಿಗೂ ಹೇಳಲ್ಲ. ಟಾರ್ಪ್ ಕೆಳಗೆ ಮೇಣದ ದೀಪ ಇಟ್ರೆ ತೇವ ಕಮ್ಮಿ ಆಗತ್ತಾ ಅಂತ ಒಂದು ಪ್ರಯೋಗ ಅರ್ಧಕ್ಕೆ ನಿಂತಿದೆ, ಗಾಳಿಗೆ ದೀಪ ಉಳಿದ್ರೆ ತಾನೇ. ಮುಂದಿನ ಸಲ ಟಾರ್ಪನ್ನ ಇನ್ನೂ ಅರ್ಧ ಮೀಟರ್ ಕತ್ತರಿಸಿ ನೋಡೋಣ ಅಂತಿದೀನಿ, ಗೆಳೆಯ ಕತ್ತರಿ ಬಚ್ಚಿಟ್ಟಿದಾನೆ.